ಮದರ್‌ಬೋರ್ಡಿಗೆ ಹಚ್ಚಿದ ವಿಭೂತಿ

೧೧ ಡಿಸೆಂಬರ್ ೨೦೨೨, ರವಿವಾರ

ಬೆಳಗಿನ ಜಾವ ಮೂರು ಇಪ್ಪತ್ತು. ಸ್ಟೀಲಿನ ಮೂರು ಗ್ಲಾಸು ಫರಸಿ ಕಲ್ಲಿನ ಮೇಲೆ ಉರುಳಿದ ಸದ್ದು.

ಏನಾಯಿತೆಂದು ತಿಳಿಯುವ ಮೊದಲೇ ಮಗಳು ಮೀನಲಳನ್ನು ಎದೆಗವಚಿಕೊಂಡು ಅಂಗಳದಲ್ಲಿ ನಿಂತಿದ್ದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅತ್ತೆ ಸುಮನಬಾಯಿ ನನ್ನ ಬೆನ್ನ ಹಿಂದೆಯೇ ಓಡಿಬಂದು ಒಳಗಿನ ಕತ್ತಲೆಗೆ ಕೂಗುತ್ತಿದ್ದರು.

“ಹೊರಗ ಬರ್ರಿ! ಗ್ವಾಡಿ ಕಡಿ ನಿಂದರಬ್ಯಾಡ್ರಿ!”

ಮಾವ ಬಸವಣ್ಣೆಪ್ಪನವರು ಶಾಲು ಹೊದ್ದುಕೊಂಡು ಸಾವಕಾಶವಾಗಿ ಬಾಗಿಲಿಗೆ ಬಂದರು. “ಬೆಕ್ಕು ಅದ, ಬೆಕ್ಕು. ಇಪ್ಪತ್ತೊಂಬತ್ತು ವರ್ಷ ಆಯ್ತು, ನಿನ್ನ ಭೂಕಂಪ ಬರ್ತದ, ಹಾಲು ಕುಡೀತದ, ಹೋಗ್ತದ.”

“ಒಂದಿನ ಖರೇ ಬಂತಂದ್ರ ಆ ಬೆಕ್ಕೇ ನಿಮ್ಮನ್ನ ಎಬ್ಬಿಸ್ಲಿ,” ಎಂದರು ಅತ್ತೆ.

ಕಿಲ್ಲಾರಿಯ ಭೂಕಂಪ ಆದಾಗ ಅತ್ತೆ ಈ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತಂತೆ. ಅಂದಿನಿಂದ ಮಲಗುವಾಗ ತಲೆದಿಂಬಿನ ಹತ್ತಿರ ಮೂರು ಗ್ಲಾಸನ್ನು ಬೋರಲು ಒಂದರ ಮೇಲೊಂದು ಇಡುತ್ತಾರೆ. ನೆಲ ಅಲುಗಿದರೆ ಮೊದಲು ಬೀಳುವುದು ಅವು. ಮಹಾರಾಷ್ಟ್ರದ ಅಂಚಿನ ಈ ಉಮರ್ಗಾದಲ್ಲಿ ಈಗ ಹಾಗೆ ಇಡುವವರು ಬೇರೆ ಯಾರೂ ಇಲ್ಲವೆಂದು ಮಾವ ಹಾಸ್ಯ ಮಾಡುತ್ತಾರೆ. ಆದರೆ ಗ್ಲಾಸು ತೆಗೆದಿಡಲು ಅವರೂ ಹೇಳುವುದಿಲ್ಲ.

ಅವರಿಬ್ಬರೂ ಮತ್ತೆ ಮಲಗಿದರು. ಮೀನಲಳೂ ಮಲಗಿದಳು. ನಾನು ಅಡುಗೆಮನೆಯಲ್ಲಿ ಕೂತು, ಕಾಲೇಜಿನ ದಿನಗಳ ಖಾಲಿ ಉಳಿದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಉದಗೀರಿನ ಕಾಲೇಜಿನಲ್ಲಿ ಮೂರು ವರ್ಷ ಕಂಪ್ಯೂಟರ್ ಓದಿದ ನನಗೆ ಎಂಟು ತಿಂಗಳ ಮಗುವಿನ ಎರಡನೆಯ ಹಲ್ಲು ಯಾವಾಗ ಬರುತ್ತದೆಂದು ಲೆಕ್ಕ ಹಾಕುವುದರಲ್ಲೇ ಈಗ ರಾತ್ರಿ ಕಳೆಯುತ್ತದೆ. ನಿದ್ದೆ ಬರುವುದಿಲ್ಲ ಎನ್ನುವುದಕ್ಕಿಂತ, ನಿದ್ದೆ ಬಂದರೆ ಏನಾದೀತೋ ಎಂಬ ಹೆದರಿಕೆ.

ನನ್ನ ಮನೆಯವರು ಪುಣೆಗೆ ಹೋಗಿ ಏಳು ವಾರ ಆಯಿತು. ಅಂಗಡಿ, ಮನೆಗಳಿಗೆ ಸಿಸಿಟಿವಿ ಕ್ಯಾಮೆರಾ ಕೂಡಿಸುವ ಕಂಪನಿಯಲ್ಲಿ ಕೆಲಸ. ಜನವರಿ ನಾಲ್ಕಕ್ಕೆ ಎರಡು ವರ್ಷದ ಬಾಂಡಿಗೆ ಸಹಿ ಮಾಡಬೇಕಂತೆ. ಮಾಡಿದರೆ ದೂರ ಎಲ್ಲೋ ರಾಯಪುರಕ್ಕೆ ಹಾಕುತ್ತಾರಂತೆ. ಎರಡು ವರ್ಷವೆಂದರೆ ಮೀನಲ ಓಡಾಡುತ್ತಿರುತ್ತಾಳೆ, ಮಾತಾಡುತ್ತಿರುತ್ತಾಳೆ.

ಅವರು ಹೋದದ್ದು ನನ್ನಿಂದ. ಇದು ಯಾರಿಗೂ ಗೊತ್ತಿಲ್ಲ. ಇಲ್ಲಿಯಾದರೂ ಬರೆಯುತ್ತೇನೆ.

ಬಸ್‌ಸ್ಟ್ಯಾಂಡ್ ಎದುರಿನ ಕೋಣೆಯಲ್ಲಿ ಇವರು ಮದುವೆಯ ಶೂಟಿಂಗ್ ಕತ್ತರಿಸಿ ಕೂಡಿಸುವ ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಒಂದೊಂದೇ ಭಾಗ ತರಿಸಿ ತಮ್ಮ ಕೈಯಾರೆ ಗೇಮಿಂಗ್ ಕಂಪ್ಯೂಟರ್ ಜೋಡಿಸಿದ್ದರು. ಆಟಕ್ಕೆಂದು ಮಾಡಿದ ಯಂತ್ರ ಚಿತ್ರದ ಕೆಲಸವನ್ನೂ ಅಷ್ಟೇ ವೇಗದಲ್ಲಿ ಮಾಡುತ್ತದೆ ಎನ್ನುತ್ತಿದ್ದರು. ಖಂಡೇನವಮಿಯ ದಿನ ಆಯುಧಪೂಜೆಗೆಂದು ಧೂಳು ತೆಗೆಯಲು ಅದರ ಬಗಲಿನ ಗಾಜು ಬಿಚ್ಚಿಟ್ಟು ಹೂವು ತರಲು ಹೋದರು. ಪೂಜೆಗೆ ಅತ್ತೆಯೂ ನಾನೂ ಆ ಕೋಣೆಗೆ ಹೋಗಿದ್ದೆವು. ಮಾವನ ಅಂಗಡಿಯ ತಕ್ಕಡಿ, ತಿಜೋರಿ, ಮನೆಯ ಹೊಲಿಗೆ ಯಂತ್ರ ಎಲ್ಲಕ್ಕೂ ಆಗಲೇ ವಿಭೂತಿ ಹಚ್ಚಿಯಾಗಿತ್ತು. ಅತ್ತೆ ಬಾಗಿಲಲ್ಲಿ ಕೂತು ಮಾಲೆ ಕಟ್ಟುತ್ತ, “ಎಲ್ಲಾಕ್ಕೂ ಹಚ್ಚವ್ವ, ಒಂದರ ಹಣೀನೂ ಬೋಳ ಇರಬಾರದು,” ಎಂದರು. ನಾನು ಅಂಗೈಯಲ್ಲಿ ವಿಭೂತಿ ತೇಯ್ದು, ಮೂರು ಬೆರಳು ಅದ್ದಿ, ಮದರ್‌ಬೋರ್ಡಿನ ಮೇಲೆ ಪ್ರೊಸೆಸರಿನ ಪಕ್ಕಕ್ಕೆ ಇರುವ ಕಪ್ಪು ಲೋಹದ ದಿಮ್ಮಿಗೆ ಮೂರು ಗೆರೆ ಎಳೆದೆ. ನೀರು ಹೆಚ್ಚಾಗಿತ್ತು. ಒಂದು ಹನಿ ದಿಮ್ಮಿಯ ಸೀಳಿನಲ್ಲಿ ಕೆಳಗೆ ಇಳಿಯುವುದನ್ನು ಕಣ್ಣಾರೆ ಕಂಡೆ. ಸೆರಗಿನಿಂದ ಒತ್ತಿ, ಒಣಗುತ್ತದೆ ಎಂದುಕೊಂಡು ಸುಮ್ಮನಾದೆ. ಕಂಪ್ಯೂಟರ್ ಓದಿದವಳು.

ಮರುದಿನ ಅದು ಶುರುವಾಗಲಿಲ್ಲ. ಬಟ್ಟೆ ಅಂಗಡಿಯ ವಿಶ್ವನಾಥಪ್ಪನವರ ಮಗಳ ಆರತಕ್ಷತೆಯಲ್ಲಿ ಮದುವೆಯ ಚಿತ್ರ ತೋರಿಸುತ್ತೇವೆಂದು ದೊಡ್ಡ ಬಿಳಿ ಪರದೆ ಕಟ್ಟಿದ್ದರು. ಊಟ ಮುಗಿಯುವವರೆಗೂ ಪರದೆ ಬಿಳಿಯದೇ ಆಗಿ ಉಳಿಯಿತು. ಅವತ್ತು ಮಾವ ನಡುಮನೆಯಲ್ಲಿ ನಾಲ್ಕು ಮಂದಿಯ ಎದುರೇ ನಿಂತು, “ಒಂದು ಸ್ಕ್ರೂ ಬರೋಬರಿ ತಿರುವಲಿಕ್ಕ ಬರಲ್ಲ, ಮಂದಿ ಮದುವ್ಯಾಗ ನಮ್ಮ ಮಾರಿಗಿ ಮಸಿ ಬಳ್ದಿ,” ಎಂದರು. ಇವರು ತಲೆ ತಗ್ಗಿಸಿ, “ಹೌದ್ರಿ ಅಪ್ಪಾ, ನಂದೇ ತಪ್ಪು, ಪ್ರೊಸೆಸರ್ ಕೂಡಿಸುವಾಗ ಕೈ ತಪ್ಪಿತು,” ಎಂದರು. ನಾನು ಬಾಗಿಲ ಹಿಂದೆ ಮಗುವಿಗೆ ಹಾಲು ಕುಡಿಸುತ್ತ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಮೂರು ವಾರದೊಳಗೆ ಇವರು ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಮಾವನ ಕೈಗೆ ಕೊಟ್ಟು ಪುಣೆಯ ಗಾಡಿ ಹತ್ತಿದರು.

೧೩ ಡಿಸೆಂಬರ್, ಮಂಗಳವಾರ

ಅತ್ತೆ ಮೀನಲಳಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅಟ್ಟದಿಂದ ಬೋರ್ಡಿನ ಡಬ್ಬಿ ಇಳಿಸಿದೆ. ಇವರು ಹೋಗುವಾಗ ಅದನ್ನು ಬೆಳ್ಳಿಬಣ್ಣದ ಚೀಲದಲ್ಲಿ ಹಾಕಿ, ಮೇಲೆ ಹಳೇ ಟವೆಲ್ ಸುತ್ತಿ ಇಟ್ಟಿದ್ದರು. ಹಾಳಾದ ವಸ್ತುವನ್ನು ಯಾರೂ ಹೀಗೆ ಸುತ್ತಿಡುವುದಿಲ್ಲ.

ಗೆರೆಗಳು ಇನ್ನೂ ಇವೆ. ಮಸುಕಾಗಿವೆ, ಆದರೆ ಇವೆ. ಅಂದರೆ ಅವರ ಕಣ್ಣಿಗೆ ಬಿದ್ದಿಲ್ಲ, ಅಥವಾ ಬಿದ್ದರೂ ಪೂಜೆಯದ್ದೆಂದುಕೊಂಡು ಅನುಮಾನ ಬಂದಿಲ್ಲ. ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಯಿತು.

ಎಲ್ಲಿ ಕೆಟ್ಟಿದೆಯೆಂದು ನಾನೇ ನೋಡಬೇಕು. ಕೆಟ್ಟದ್ದು ನನ್ನ ನೀರಿನಿಂದಲೇ ಎಂದು ಖಾತ್ರಿಯಾದರೆ ಹೇಳುತ್ತೇನೆ. ಅಲ್ಲವೆಂದಾದರೆ… ಅಲ್ಲವೆಂದಾಗಲಿ ಎಂದೇ ಮನಸ್ಸು ಬೇಡುತ್ತದೆ.

ಸಂಜೆ ಇವರಿಗೆ ಫೋನ್ ಮಾಡಿದೆ.

“ಊಟ ಆಯ್ತೇನ್ರಿ?”

“ಆಯ್ತು. ಚಿಮಣಿ ಮಲಗ್ಯಾಳ?”

“ಇಲ್ಲ.”

“ನೀ ಮಲಗ್ತಿ ಇಲ್ಲೋ?”

“ಆಕಿ ಮಲಗಿದ್ರ ನಾ.”

“ಹ್ಞೂಂ. ಸರಿ, ನಾ ನಿಚ್ಚಣಿಕಿ ಮ್ಯಾಲ ಇದ್ದೀನಿ.”

ಪ್ರತಿ ಸಲವೂ ಅವರು ನಿಚ್ಚಣಿಕೆಯ ಮೇಲೆಯೇ ಇರುತ್ತಾರೆ. ಮಗಳನ್ನು ಚಿಮಣಿ ಎನ್ನುವುದು ಅವರೊಬ್ಬರೇ. ಮರಾಠಿಯಲ್ಲಿ ಗುಬ್ಬಿ, ನಮ್ಮಲ್ಲಿ ಸೀಮೆಎಣ್ಣೆಯ ದೀಪ. ರಾತ್ರಿಯಿಡೀ ಚಿಲಿಪಿಲಿ ಮಾಡುತ್ತ ಉರಿಯುವುದರಿಂದ ಎರಡೂ ಒಪ್ಪುತ್ತವೆ.

೧೭ ಡಿಸೆಂಬರ್, ಶನಿವಾರ

ನಾಲ್ಕು ದಿನದಿಂದ ಮಧ್ಯಾಹ್ನ, ಅತ್ತೆ ಒಳಗೆ ಮೀನಲಳನ್ನು ಮಲಗಿಸುವಾಗ, ಬೋರ್ಡ್ ಮುಂದಿಟ್ಟುಕೊಂಡು ಕೂರುತ್ತಿದ್ದೇನೆ. ಕಾಲೇಜಿನಲ್ಲಿ ಇದರ ಚಿತ್ರ ಬಿಡಿಸಿ ಹತ್ತು ಅಂಕ ತೆಗೆದುಕೊಂಡಿದ್ದೆ. ಆ ಚಿತ್ರದಲ್ಲಿ ಎಲ್ಲ ಚೌಕಗಳೂ ಒಂದೇ ಅಳತೆಯವು. ಇದನ್ನು ಕೈಯಲ್ಲಿ ಹಿಡಿದಾಗ ಭಾರ ತಿಳಿಯಿತು.

ಆಟದ ಬೋರ್ಡ್ ಎಂದರೆ ಅಲಂಕಾರ ಹೆಚ್ಚು. ಹದ್ದಿನ ಮುಖ, ಬಣ್ಣದ ದೀಪದ ಪಟ್ಟಿ, ಕೆಲಸವಿಲ್ಲದ ಪ್ಲಾಸ್ಟಿಕ್ ಹೊದಿಕೆ. ಆದರೆ ಎಲ್ಲವೂ ಸೋಗಲ್ಲ. ಭಾರವಾದ ಗ್ರಾಫಿಕ್ಸ್ ಕಾರ್ಡು ಕೂರುವ ಉದ್ದ ಗೂಡಿಗೆ ಉಕ್ಕಿನ ಕವಚ ತೊಡಿಸಿದ್ದಾರೆ, ಜೋತುಬಿದ್ದು ಕೀಳದಿರಲೆಂದು. ಪ್ರೊಸೆಸರಿನ ಸುತ್ತ ಬೂದು ಬಣ್ಣದ ಚೌಕ ಸುರುಳಿಗಳು ಸಾಲಾಗಿ ನಿಂತಿವೆ. ಮಾಮೂಲಿ ಬೋರ್ಡಿನಲ್ಲಿ ನಾಲ್ಕೋ ಐದೋ, ಇದರಲ್ಲಿ ಹನ್ನೆರಡು. ಹೊರಗಿನಿಂದ ಬರುವುದು ಹನ್ನೆರಡು ವೋಲ್ಟು. ಪ್ರೊಸೆಸರ್ ತಡೆದುಕೊಳ್ಳುವುದು ಒಂದು ವೋಲ್ಟಿನ ಆಸುಪಾಸು. ಬಿಸಿ ಅನ್ನವನ್ನು ಆರಿಸಿ, ಕಿವುಚಿ, ನಾಲಿಗೆಗೆ ಮುಟ್ಟಿಸಿ ನೋಡಿ ಮೀನಲಳ ಬಾಯಿಗಿಡುತ್ತೇನಲ್ಲ, ಈ ಸುರುಳಿಗಳ ಕೆಲಸವೂ ಅದೇ. ಒಂದೇ ಕೈಗೆ ದಣಿವಾಗದಿರಲೆಂದು ಹನ್ನೆರಡು ಕೈ. ಆ ದಣಿವಿನ ಬಿಸಿ ಹೀರಲಿಕ್ಕೆ ಮೇಲೊಂದು ಲೋಹದ ದಿಮ್ಮಿ. ಹೀಟ್‌ಸಿಂಕ್. ನಾನು ಹಣೆ ಎಂದು ತಿಳಿದದ್ದು ಅದನ್ನೇ.

ಇನ್ನೊಂದು ಸಂಗತಿ. ಪ್ರೊಸೆಸರಿನಿಂದ ಮೆಮೊರಿಗೆ ಹೋಗುವ ತಾಮ್ರದ ಗೆರೆಗಳು ಎಲ್ಲವೂ ನೆಟ್ಟಗಿಲ್ಲ. ಕೆಲವು ಸುಮ್ಮಸುಮ್ಮನೆ ಹಾವಿನಂತೆ ಸುತ್ತಿ ಹೋಗುತ್ತವೆ. ಜಾಗ ಇದ್ದೂ ಯಾಕೆ ಸುತ್ತಿಸಿದ್ದಾರೆಂದು ಹುಡುಕಿದೆ. ದೂರದ ಕಾಲಿಗೆ, ಅಂದರೆ ಪಿನ್ನಿಗೆ, ಹೋಗುವ ಗೆರೆ ಉದ್ದ, ಹತ್ತಿರದ್ದು ಗಿಡ್ಡ. ಗಿಡ್ಡ ಗೆರೆಯ ಸುದ್ದಿ ಮೊದಲೇ ಮುಟ್ಟಿಬಿಟ್ಟರೆ ಮಾತು ಕೆಡುತ್ತದೆ. ಅದಕ್ಕಾಗಿ ಹತ್ತಿರದ್ದನ್ನೂ ಬೇಕೆಂದೇ ಸುತ್ತು ಹಾಕಿಸಿ, ದೂರದ್ದರಷ್ಟೇ ನಡೆಸುತ್ತಾರೆ. ಇದನ್ನು ಓದಿ ಅಂಥ ಒಂದು ಗೆರೆಯ ಸುತ್ತನ್ನೆಲ್ಲ ಬೆರಳಿನಿಂದ ಹಿಂಬಾಲಿಸಿದೆ.

ಮಾವ ಊಟಕ್ಕೆ ಬಂದವರು ನೋಡಿದರು. “ಈಗ ಸೊಸಿನೂ ಸುರು ಮಾಡಿದ್ಳು.”

“ನಿಮ್ಮ ತಕ್ಕಡಿ ಕೆಟ್ರ ನೀವು ಬಿಚ್ಚಿ ನೋಡಲ್ಲೇನ್ರಿ ಮಾಮಾ? ಈ ಹಲಗ್ಯಾಗ ಆರು ಪದರು ತಾಮ್ರ ಅದ.”

“ತಕ್ಕಡಿಗಿ ಪದರು ಇರಲ್ಲವ್ವ,” ಎಂದು ಕೈ ತೊಳೆಯಲು ಹೋದವರು ತಿರುಗಿ ಬಂದರು. “ಆರು ಅಂದಿ? ಇಷ್ಟೇ ದಪ್ಪದಾಗ?”

೧೮ ಡಿಸೆಂಬರ್, ರವಿವಾರ

ಫೋನ್ ಎತ್ತಲಿಲ್ಲ. ರವಿವಾರವೂ ನಿಚ್ಚಣಿಕೆ ಇರುತ್ತದೆಯೇ?

೨೨ ಡಿಸೆಂಬರ್, ಗುರುವಾರ

ನಿಲಂಗಾಕ್ಕೆ ಹೋಗಿ ಬಂದೆ. ಬರಿಗಣ್ಣಿಗೆ ಏನೂ ಸಿಗುತ್ತಿರಲಿಲ್ಲ, ಮೀಟರ್ ಹಿಡಿಯುವ ಕೈ ಬೇಕಿತ್ತು. ಜಗದೇವಪ್ಪ ಕಾಕಾ ನನ್ನ ಅಪ್ಪನಿಗೆ ಟಿವಿಯ ಕಾಲದಿಂದ ಪರಿಚಯ. ಮೊದಲು ರೇಡಿಯೋ, ಟಿವಿ, ಈಗ ಮೊಬೈಲು, ಇನ್ವರ್ಟರು ರಿಪೇರಿ ಮಾಡುತ್ತಾರೆ. ಮೀನಲಳನ್ನು ಕಾಕಾನಿಗೆ ತೋರಿಸಿಕೊಂಡು ಬರುತ್ತೇನೆಂದು ಅತ್ತೆಗೆ ಸುಳ್ಳು ಹೇಳಿದೆ. “ಕೂಸಿನ್ನ ಎಸ್‌ಟಿ ಬಸ್ಸಿನಾಗ ಒಬ್ಬಾಕಿನೇ ಒಯ್ತಿ? ನಾನೂ ಬರ್ತೀನಿ ನಡಿ,” ಎಂದು ಅವರೂ ಹೊರಟರು. ಮಗು ಅವರ ತೊಡೆಯ ಮೇಲೆ, ದುಪ್ಪಟಿಯಲ್ಲಿ ಸುತ್ತಿದ ಬೋರ್ಡು ನನ್ನ ತೊಡೆಯ ಮೇಲೆ. ಕಂಡಕ್ಟರ್ ನನ್ನ ತೊಡೆಯ ಗಂಟು ನೋಡಿ, “ಜುಳೇ ಆಹೇತ ಕಾ?” ಎಂದ. ಅವಳಿಜವಳಿಯೇ ಎಂದು. ಅತ್ತೆ ನಕ್ಕು ನಕ್ಕು ಸುಸ್ತಾದರು. ಕಾಸಾರ ಶಿರಸಿ ದಾಟಿದ್ದು ನನಗೆ ಗೊತ್ತಾಗಲಿಲ್ಲ, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದೆ.

ಕಾಕಾ ಗಂಟು ಬಿಚ್ಚಿ ಕನ್ನಡಕ ಏರಿಸಿದರು. “ಇದೇನವ್ವ, ಬೋರ್ಡೋ ದಂಡಿನ ಕುದುರಿಯೋ? ಎಷ್ಟು ಉಕ್ಕಿನ ಚಿಲಖತ್ತು ತೊಡಸ್ಯಾರ!”

“ಮ್ಯಾಲ ಈಬತ್ತಿ ಅದ ನೋಡ್ರಿ,” ಎಂದು ಅತ್ತೆ ವಿಭೂತಿಯ ಗೆರೆ ತೋರಿಸಿದರು, ಹೆಮ್ಮೆಯಿಂದಲೇ. ಅಷ್ಟರಲ್ಲಿ ಅವರ ಮುಖ ಬದಲಾಯಿತು. ಈ ಬೋರ್ಡು ಯಾವುದೆಂದು ಆಗ ಗುರುತು ಹತ್ತಿತು. “ಸ್ನೇಹಲ, ಇದು ಪಂಕಜಂದು ಅಲ್ಲೇನು? ಇದ್ಯಾಕ ತಂದಿ?”

ಹೇಳಿದೆ. ವಿಭೂತಿ, ಹೆಚ್ಚಾದ ನೀರು, ಇಳಿದ ಹನಿ, ಬಾಗಿಲ ಹಿಂದೆ ಸುಮ್ಮನೆ ನಿಂತದ್ದು. ಕಾಕಾನ ಅಂಗಡಿಯಲ್ಲಿ, ರಿಪೇರಿಗೆ ಬಂದ ಮಿಕ್ಸರುಗಳ ನಡುವೆ. ಅತ್ತೆ ಮಗುವಿನ ಟೊಪ್ಪಿಗೆಯ ದಾರ ಬಿಚ್ಚಿದರು, ಮತ್ತೆ ಕಟ್ಟಿದರು.

ಕಾಕಾ ಬೋರ್ಡನ್ನು ಮಗುಚಿ ಹಿಂದಿನ ಸ್ಕ್ರೂಗಳನ್ನು ನೋಡಿದರು. “ಇದನ್ನ ಯಾರೋ ಮೊದಲೇ ಬಿಚ್ಚ್ಯಾರ. ತೆಲಿ ಮ್ಯಾಲ ಗೀರು ಬಿದ್ದಾವ.” ದಿಮ್ಮಿಯನ್ನು ಎತ್ತಿದರು. ಅದರ ಕೆಳಗೆ ಧೂಳಿಲ್ಲ, ಬಿಳಿ ಕಲೆಯಿಲ್ಲ. ಆಚೀಚೆ ಎಲ್ಲ ಕಡೆ ಎರಡು ವರ್ಷದ ಧೂಳಿದ್ದರೂ ಆ ಅಂಗೈಯಗಲದ ಜಾಗ ತೊಳೆದಿಟ್ಟ ಹಾಗಿತ್ತು. ಒಂದು ಸುರುಳಿಯ ಬುಡದಲ್ಲಿ ಹತ್ತಿಯ ಒಂದು ಎಳೆ ಸಿಕ್ಕಿಕೊಂಡಿತ್ತು. ಕಾಕಾ ಅದನ್ನು ಚಿಮಟಿಯಿಂದ ಎತ್ತಿ ಬೆಳಕಿಗೆ ಹಿಡಿದರು.

“ನೀರು ಇಲ್ಲಿ ತನಕ ಇಳ್ದದ. ನಿನ್ನ ಗಂಡಗ ಗೊತ್ತಾಗ್ಯದವ್ವ. ಸ್ಪಿರಿಟ್ ಹಚ್ಚಿ, ಹತ್ತೀಲೆ ಒಂದೊಂದೇ ಕಾಲು ಒರಸ್ಯಾನ. ಭಾರಿ ಶಾಣ್ಯಾ ಕೆಲಸ.” ಆಮೇಲೆ ದಿಮ್ಮಿಯನ್ನು ತಿರುವಿ ಮೇಲ್ಭಾಗ ನೋಡಿದರು. “ಖರೇ, ಮ್ಯಾಲಿನ ಗೆರಿ ಯಾಕ ಬಿಟ್ಟಾನ? ಕೈಯಾಗ ಸ್ಪಿರಿಟ್ ಇತ್ತಲ್ಲ.”

ಅತ್ತೆ ಮೆಲ್ಲಗೆ, “ಅದು ಆಕಿ ಹಚ್ಚಿದ್ದು ಅಂತ,” ಎಂದರು.

ಉಳಿದದ್ದು ಅರ್ಧ ಗಂಟೆಯ ಕೆಲಸ. ಕಾಕಾ ಮೀಟರಿನ ಎರಡು ಮುಳ್ಳು ಇಟ್ಟು ಒಂದೊಂದೇ ಕಡೆ ಮುಟ್ಟಿಸುತ್ತ ಹೋದರು. ಒಂದು ಕಡೆ ಅದು ಕಿರುಚಿದ್ದು ನಿಲ್ಲಲೇ ಇಲ್ಲ, ಶಾರ್ಟ್ ಆದದ್ದು ಅಲ್ಲೇ. ಎಳ್ಳಿಗಿಂತ ತುಸು ದೊಡ್ಡದಾದ ಕಂದು ಬಣ್ಣದ ಕಣ. ಕೆಪಾಸಿಟರ್. ನೀರು ಅದರ ಮಗ್ಗುಲಲ್ಲಿ ಕೂತು ಒಳಗೊಳಗೇ ತಿಂದಿತ್ತು. ಬಿಸಿಗಾಳಿ ಊದಿ ಅದನ್ನು ಎತ್ತಿದರು. ಕಿರುಚಾಟ ನಿಂತಿತು.

“ಹೊಸಾದು ಹಾಕಲ್ಲೇನ್ರಿ ಕಾಕಾ?”

“ಇದರ ಜೋಡಿ ಇನ್ನೂ ಹತ್ತು ಅವ. ಒಬ್ಬರು ಇಲ್ಲಂದ್ರ ಬಾಕಿಯವ್ರು ಎಳಕೊಂಡು ಹೋಗ್ತಾರ. ಖರೇ ಜೋರು ಕೆಲಸ ಕೊಟ್ಟಾಗ ಬಿಸಿ ಆಗ್ತದ. ಸಿಕ್ಕಾಗ ಹಾಕಿಸ್ಕೋ.”

೨೩ ಡಿಸೆಂಬರ್, ಶುಕ್ರವಾರ

ಗೊತ್ತಿತ್ತು. ಅವರಿಗೆ ಗೊತ್ತಿತ್ತು.

ದಸರೆಯ ವಾರ ಮೀನಲಳ ಕಿವಿ ಒರೆಸುವ ಹತ್ತಿಕಡ್ಡಿಯ ಡಬ್ಬಿ ಖಾಲಿಯಾಗಿತ್ತು. ನೂರು ಕಡ್ಡಿಯ ಡಬ್ಬಿ. ನಾನು ಅತ್ತೆಯ ಮೇಲೆ ರೇಗಿದ್ದೆ. ಇವರು ಪಕ್ಕದಲ್ಲೇ ಚಹಾ ಕುಡಿಯುತ್ತ ಕೂತಿದ್ದರು.

ಆಗ ನಾನು ದಿನಾ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಅಂಥವಳ ಮೇಲೆ ಈ ಮಾತು ಬರಬಾರದೆಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡ.

ಆದರೆ ನನ್ನ ಬಾಯಿಂದ ಕೇಳಬೇಕೆಂದು ಇತ್ತು ಅವನಿಗೆ. ಉಮರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಪುಣೆಯ ಗಾಡಿ ಹತ್ತುವ ಮೊದಲು ಚೀಲ ಕೆಳಗಿಟ್ಟು ಕೇಳಿದ: “ಏನಾರ ಹೇಳೂದು ಅದ ಏನು, ಸ್ನೇಹಲ?” ನಾನು ಅಂದದ್ದು: “ಸ್ವೆಟರ್ ಇಟ್ಕೊಂಡೀರಿ ಇಲ್ರಿ?”

ಅವನು ನನ್ನ ಮುಖ ನೋಡಿ, “ಇಟ್ಕೊಂಡೀನಿ,” ಎಂದ. ಹತ್ತಿ ಹೋದ.

೨೮ ಡಿಸೆಂಬರ್, ಬುಧವಾರ

ನಾಲ್ಕು ದಿನ ಬರೆಯಲಿಲ್ಲ. ಮೀನಲಳಿಗೆ ಹಲ್ಲು ಬಂತು, ಜ್ವರ ಬಂದು ಹೋಯಿತು. ರಾತ್ರಿ ಎರಡು ಸಲ ಎದ್ದೆ, ಮತ್ತೆ ಮಲಗಿದೆ.

ಮೂರು ದಿನದಿಂದ ಪಂಕಜ ಫೋನ್ ಎತ್ತುತ್ತಿಲ್ಲ. ಇವತ್ತು ಮಾವನ ಎದುರು ಹೇಳಿದೆ. ಮಧ್ಯಾಹ್ನ ಅವರು ಊಟಕ್ಕೆ ಕೂತಿದ್ದರು, ಅತ್ತೆ ರೊಟ್ಟಿ ಬಡಿಯುತ್ತಿದ್ದರು.

“ಮಾಮಾ, ಕಂಪ್ಯೂಟರ್ ಅವರು ಕೆಡಿಸಿಲ್ರಿ. ನಾ ಕೆಡಿಸಿದೆ. ಖಂಡೇನವಮಿ ದಿನ ನೀರು ಬಿತ್ತು ನನ್ನ ಕೈಲಿಂದ.”

ರೊಟ್ಟಿಯ ಸದ್ದು ನಿಂತಿತು. “ನಾನೇ ಹಚ್ಚು ಅಂದಿದ್ದೆ,” ಎಂದರು ಅತ್ತೆ ಒಲೆಯ ಕಡೆಯಿಂದ. “ಬೋಳ ಹಣಿ ಇರಬಾರದು ಅಂದಾಕಿ ನಾ.”

“ನೀವು ಹಚ್ಚು ಅಂದ್ರಿ, ಅತ್ತಿ. ನೀರು ಸುರುವು ಅಂದಿರಲಿಲ್ಲ.”

ಮಾವ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದರು, ಬಾಯಿಗೆ ಹಾಕಲಿಲ್ಲ. “ಅಂವಗ ಇದು ಗೊತ್ತದ ಏನು?”

“ಗೊತ್ತಿತ್ತು.”

“ಗೊತ್ತಿದ್ದೂ ನನ್ನ ಮುಂದ ಹಂಗ ನಿಂತ?” ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನಾ ಏನೇನೋ ಅಂದೆ. ಮಂದಿ ಮುಂದ ಅಂದೆ.” ಆಮೇಲೆ ಅತ್ತೆಯ ಕಡೆ ನೋಡಿ, ಸಿಟ್ಟಿನಲ್ಲೇ ಎಂಬಂತೆ, “ನಿಮ್ಮಿಬ್ಬರ ಕೈಯಾಗ ಈಬತ್ತಿ ಕೊಟ್ರ ಮನಿ ಮುಳುಗಸ್ತೀರಿ,” ಎಂದರು. ಯಾರೂ ನಗಲಿಲ್ಲ. ಅವರೇ ಎದ್ದು ಅಂಗಡಿಗೆ ಹೋದರು. ಅರ್ಧ ಗಂಟೆಯ ನಂತರ ಅಂಗಡಿಯ ಕೀಲಿಗೊಂಚಲಿನಿಂದ ಬಸ್‌ಸ್ಟ್ಯಾಂಡಿನ ಕೋಣೆಯ ಕೀಲಿ ಬಿಚ್ಚಿ ಕಳಿಸಿಕೊಟ್ಟರು. ಚಿಟ್ಟಿ ಏನೂ ಇರಲಿಲ್ಲ.

೩೧ ಡಿಸೆಂಬರ್, ಶನಿವಾರ

ಕೋಣೆ ತೆರೆದು ಕಸ ಗುಡಿಸಿ ಜೋಡಿಸಲು ಕೂತೆ. ಬಳೆ ತೆಗೆದಿಟ್ಟೆ. ಪ್ರೊಸೆಸರನ್ನು ಅದರ ಗೂಡಿನಲ್ಲಿ ಇಡುವಾಗ ಒತ್ತಬಾರದು, ಮೂಲೆಯ ಗುರುತು ಕೂಡಿಸಿ ಸುಮ್ಮನೆ ಬಿಡಬೇಕು, ಅದರ ಭಾರಕ್ಕೆ ಅದೇ ಕೂರುತ್ತದೆ. ಮೇಲೆ ಸೇಂಗಾ ಕಾಳಿನಷ್ಟು, ಬಿಸಿ ದಾಟಿಸುವ ಬೂದು ಅಂಟು. ಮೆಮೊರಿಯ ಪಟ್ಟಿ ಎರಡೂ ಕಡೆ ಟಕ್ ಎಂದಿತು. ಫ್ಯಾನಿನ ತಂತಿ ತಪ್ಪು ಜಾಗಕ್ಕೆ ಹಾಕಿ ಮತ್ತೆ ತೆಗೆದೆ. ಎದುರಿನ ಮೊಬೈಲ್ ಅಂಗಡಿಯ ಸರುಬಾಯಿ ಬಂದು ಬಾಗಿಲಲ್ಲಿ ನಿಂತು, “ವಹಿನಿ, ನಮ್ಮ ಅಂಗಡಿ ಪ್ರಿಂಟರ್ ಜರಾ ನೋಡ್ತೀರೇನ್ರಿ?” ಎಂದಳು. ಸೋಮವಾರ ತಾ ಎಂದೆ.

ಐದು ಗಂಟೆಗೆ ಗುಂಡಿ ಒತ್ತಿದೆ. ಬೋರ್ಡಿನ ಅಂಚಿನಲ್ಲಿ ನಾಲ್ಕು ಸಣ್ಣ ದೀಪಗಳಿವೆ. ಎಲ್ಲಿ ತೊಡಕೋ ಆ ದೀಪ ಕೆಂಪಾಗಿ ನಿಲ್ಲುತ್ತದೆ. ಮೊದಲು ಪ್ರೊಸೆಸರಿನದು ಹತ್ತಿತು. ಅಕ್ಟೋಬರಿನಲ್ಲಿ ಅದು ಅಲ್ಲಿಯೇ ನಿಂತುಬಿಟ್ಟಿತ್ತು. ಆರಿತು. ಮೆಮೊರಿಯದು ಹತ್ತಿತು, ಬಹಳ ಹೊತ್ತು ಆರಲಿಲ್ಲ, ಆರಿತು. ಮೂರನೆಯದು. ನಾಲ್ಕನೆಯದು. ಪರದೆಯ ಮೇಲೆ ಬೆಳಕು ಬಂತು. ಮಾವ ಯಾವಾಗ ಬಂದು ನಿಂತಿದ್ದರೋ, “ಹತ್ತಿತಲ್ಲ,” ಎಂದರು.

ಪರದೆಯ ಫೋಟೋ ತೆಗೆದು ಪಂಕಜನಿಗೆ ಕಳಿಸಿದೆ. ‘ಚಾಲೂ ಆಯಿತು’ ಎಂದು ಮರಾಠಿಯಲ್ಲಿ ಬರೆದೆ. ಏಳು ಗಂಟೆಗೆ ಎರಡು ನೀಲಿ ಗೆರೆ ಬಂದವು. ಆಮೇಲೆ ಒಂದು ಹೆಬ್ಬೆರಳು.

ಬರೀ ಹೆಬ್ಬೆರಳು. ಅವನು ಕಾಯುತ್ತಿದ್ದುದು ಕಂಪ್ಯೂಟರಿಗಲ್ಲ.

೩ ಜನವರಿ ೨೦೨೩, ಮಂಗಳವಾರ

ಇವತ್ತು ಮಾವ ಮೂರು ಸಲ ಫೋನ್ ಹಚ್ಚಿದರು. ಎತ್ತಲಿಲ್ಲ. ಸಂಜೆ ಅವರ ಮೊಬೈಲಿಗೆ ಸಂದೇಶ ಬಂತು: ನಾಳೆ ಹತ್ತಕ್ಕೆ ಸಹಿ, ಗುರುವಾರ ರಾಯಪುರದ ಗಾಡಿ, ಕಾಳಜಿ ಮಾಡಬೇಡಿ. ಮಾವ ಎರಡು ಸಲ ಓದಿ ಮೊಬೈಲನ್ನು ನನ್ನ ಕೈಗೆ ಕೊಟ್ಟರು. “ನಾ ಬರೀಲಿಕ್ಕ ಕುಂತ್ರ ದುಕಾನದ ಚಿಟ್ಟಿ ಆಗ್ತದ. ನೀ ಬರಿ. ನಿಮ್ಮಪ್ಪ ತಪ್ಪಾಯ್ತು ಅಂದಾನ ಅಂತನೂ ಬರಿ.”

ಮರಾಠಿಯಲ್ಲಿ ಬರೆಯಲು ಕೂತೆ. ನಾಲ್ಕು ಸಾಲು ಬರೆದು ಓದಿದರೆ ರಜೆ ಅರ್ಜಿಯಂತಿತ್ತು. ಅಳಿಸಿದೆ. ಧ್ವನಿ ಕಳಿಸೋಣವೆಂದು ಗುಂಡಿ ಒತ್ತಿ ಹಿಡಿದೆ, ಬಂದದ್ದು ಬರೀ ಉಸಿರು. ಅದನ್ನೂ ಅಳಿಸಿದೆ. ಹಾಗಾಗಿ ಇದರಲ್ಲೇ ಬರೆಯುತ್ತಿದ್ದೇನೆ. ಮನೆಯವರೆಲ್ಲ ಮಲಗಿದ್ದಾರೆ.

ಪಂಕಜ,

ಈ ನೋಟ್‌ಬುಕ್ಕಿನ ಎಲ್ಲ ಪುಟಗಳ ಫೋಟೋ ತೆಗೆದು ಈಗ ನಿನಗೆ ಕಳಿಸುತ್ತೇನೆ. ಹತ್ತೊಂಬತ್ತು ಪುಟ. ನಿನಗೆ ಇದರ ಒಂದಕ್ಷರವೂ ತಿಳಿಯುವುದಿಲ್ಲವೆಂದು ಗೊತ್ತು. ನೀವೆಲ್ಲ ಬಾಯಿ ತೆರೆದರೆ ಕನ್ನಡ, ಪುಸ್ತಕ ತೆರೆದರೆ ಮರಾಠಿ. ನಾನೊಬ್ಬಳೇ ಏಳನೆಯ ಇಯತ್ತೆಯವರೆಗೆ ಬಸವಕಲ್ಯಾಣದಲ್ಲಿ ಅಜ್ಜಿಯ ಮನೆಯಲ್ಲಿದ್ದು ಈ ಅಕ್ಷರ ಕಲಿತವಳು. ಅದಕ್ಕೇ ಇಷ್ಟು ದಿನ ಈ ನೋಟ್‌ಬುಕ್ಕನ್ನು ಹಿಟ್ಟಿನ ಡಬ್ಬಿಯ ಮೇಲೆ ತೆರೆದಿಟ್ಟು ಹೋದರೂ ನನಗೆ ಭಯವಿರಲಿಲ್ಲ. ಯಾರಿಗೂ ತಿಳಿಯಬಾರದೆಂದೇ ಇದರಲ್ಲಿ ಬರೆದೆ. ಈಗ ನಿನಗೊಬ್ಬನಿಗೆ ತಿಳಿಯಬೇಕಾಗಿದೆ, ನಿನಗೇ ಓದಲು ಬಾರದು.

ನಿಮ್ಮ ರೂಮಿನಲ್ಲಿ ಕಲಬುರಗಿ ಕಡೆಯ ಹುಡುಗ ಒಬ್ಬ ಇದ್ದಾನೆ ಎಂದಿದ್ದಿ. ಅವನ ಕೈಯಲ್ಲಿ ಓದಿಸಬೇಡ. ಇದರಲ್ಲಿ ನಿಮ್ಮಪ್ಪ ಅಂದ ಮಾತಿದೆ, ಅತ್ತಿ ಅಂದ ಮಾತಿದೆ. ಬಸ್‌ಸ್ಟ್ಯಾಂಡಿನಲ್ಲಿ ನೀ ಕೇಳಿದ್ದಕ್ಕೆ ಉತ್ತರವೂ ಇದೆ. ಅದು ಇನ್ನೊಬ್ಬರ ಬಾಯಿಂದ ನಿನಗೆ ಮುಟ್ಟಬಾರದು.

ಸಹಿ ಮಾಡಬೇಡ ಎಂದು ನಾ ಹೇಳುವುದಿಲ್ಲ. ಎಲ್ಲ ಕೇಳಿದ ಮೇಲೆ ನಿನಗೆ ಹೋಗಬೇಕೆನಿಸಿದರೆ ಹೋಗು. ಕೇಳದೆ ಹೋಗಬೇಡ.

ಈಗ ಎರಡೂ ಕಾಲು. ಫೋನ್ ಚಾರ್ಜಿಗೆ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದೇನೆ. ಏನು ಬರೆದಿದ್ದಿ ಹುಚ್ಚಿ ಅಂತ ಬೈಯಲಿಕ್ಕಾದರೂ ಹಚ್ಚು. ಸಿಟ್ಟಿದ್ದರೆ ಮಾತಾಡಬೇಡ, ಸುಮ್ಮನೆ ಕಿವಿಗೆ ಹಿಡಿ, ನಾ ಮೊದಲ ಪುಟದಿಂದ ಓದುತ್ತೇನೆ. ನಡುವೆ ಚಿಮಣಿ ಎದ್ದು ಅತ್ತರೆ ಇಟ್ಟುಬಿಡಬೇಡ, ಆಕೆಯನ್ನು ಎತ್ತಿಕೊಂಡು ಮತ್ತೆ ಓದುತ್ತೇನೆ. ಹತ್ತೊಂಬತ್ತು ಪುಟಕ್ಕೆ ಒಂದು ತಾಸು ಸಾಕು. ನಾಲ್ಕಕ್ಕೆ ಹಚ್ಚಿದರೂ ಆದೀತು, ಐದಕ್ಕೆ ಹಚ್ಚಿದರೂ ಆದೀತು. ಬೆಳಗಾಗಲಿಕ್ಕೆ ಬಿಡಬೇಡ, ಪಂಕಜ. ಅದರೊಳಗೆ ಫೋನ್ ಹಚ್ಚು.